ಕಡಲಾಚೆಯ ಎಂಬಿಎ ಮತ್ತು ನಮ್ಮ ಮನೆಯ ಲೆಕ್ಕದ ಪುಸ್ತಕ

(ರಾಣೆಬೆನ್ನೂರಿನಲ್ಲಿ ಪದವಿ ವಿದ್ಯಾರ್ಥಿಗಳು ಮತ್ತು ಪಾಲಕರಿಗಾಗಿ ಏರ್ಪಡಿಸಲಾಗಿದ್ದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು - ಈ ಮೂರೂ ವ್ಯಾಪಾರದ ಊರುಗಳು. ಒಂದರಲ್ಲಿ ದನದ ಸಂತೆ ಮತ್ತು ಏಲಕ್ಕಿ ಹಾರ, ಇನ್ನೊಂದರಲ್ಲಿ ಮೆಣಸಿನಕಾಯಿ, ಮತ್ತೊಂದರಲ್ಲಿ ಹತ್ತಿ ಮತ್ತು ಹೈಬ್ರಿಡ್ ಬೀಜ. ಇಲ್ಲಿನ ಮುಸ್ಲಿಮ್ ಕುಟುಂಬಗಳ ಬದುಕು ಬಹುಪಾಲು ಪೇಟೆಯ ಸುತ್ತಲೇ ಹೆಣೆದುಕೊಂಡಿದೆ. ಆದ್ದರಿಂದ ಬಿಬಿಎ ಅಥವಾ ಬಿಕಾಂ ಮುಗಿಸಿದ ಮಗ ಬಂದು, "ನಾನು ಎಂಬಿಎ ಮಾಡಲು ಇಂಗ್ಲೆಂಡಿಗೆ ಹೋಗುತ್ತೇನೆ" ಎಂದಾಗ, ತಂದೆಗೆ ಅದು ಅಪರಿಚಿತ ವಿದ್ಯೆ ಎನಿಸುವುದಿಲ್ಲ. ಖಗೋಳ ಶಾಸ್ತ್ರ ಓದುತ್ತೇನೆಂದರೆ ಹತ್ತು ಪ್ರಶ್ನೆ ಕೇಳುವ ತಂದೆ, ವ್ಯಾಪಾರ ಶಾಸ್ತ್ರ ಎಂದೊಡನೆ ಬೇಗನೆ ಒಪ್ಪಿಬಿಡುತ್ತಾನೆ. ಈ ಬೇಗನೆಯ ಒಪ್ಪಿಗೆಯ ಕುರಿತೇ ನಾನಿಂದು ಮಾತನಾಡಬಯಸುತ್ತೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಮಕ್ಕಳು ವಿದೇಶಕ್ಕೆ ಹೋಗಿ ಓದುವುದನ್ನು ನಾನು ವಿರೋಧಿಸುತ್ತಿಲ್ಲ. ವಿದ್ಯೆಗಾಗಿ ದೂರ ಪ್ರಯಾಣ ಮಾಡುವುದು ನಮ್ಮ ಪರಂಪರೆಗೆ ಹೊಸತಲ್ಲ. ಇಂತಹ ಸಭೆಗಳಲ್ಲಿ ಚೀನಾ ದೇಶದ ಪ್ರಸ್ತಾಪವಿರುವ ಒಂದು ಪ್ರಸಿದ್ಧ ಮಾತನ್ನು ಪ್ರವಾದಿವರ್ಯರ(ಸ) ಹೆಸರಿನಲ್ಲಿ ಉಲ್ಲೇಖಿಸುವ ರೂಢಿಯಿದೆ. ಹದೀಸ್ ವಿದ್ವಾಂಸರು ಅದನ್ನು ದುರ್ಬಲವೆಂದೂ, ಕೆಲವರು ಕಲ್ಪಿತವೆಂದೂ ಹೇಳಿದ್ದಾರೆ. ನಮಗೆ ಅದರ ಅಗತ್ಯವೂ ಇಲ್ಲ. ಹದೀಸ್‌ಗಳನ್ನು ಅರಸಿ ದೂರ ದೂರ ಪ್ರಯಾಣ ಮಾಡಿದ ಇಮಾಮ್ ಬುಖಾರಿಯವರ(ರ) ಬದುಕೇ ಸಾಕಷ್ಟು ಪುರಾವೆಯಾಗಿದೆ.

ನಮ್ಮ ಜಿಲ್ಲೆಯ ಉದಾಹರಣೆಯೇ ಬೇಕೆಂದರೆ ಸವಣೂರಿದೆ. ನವಾಬರ ಆ ಊರಿನಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಓದಿದ್ದು ಅಲ್ಲಿನ ಮಜೀದ್ ಹೈಸ್ಕೂಲಿನಲ್ಲಿ. ಮುಂದೆ ಧಾರವಾಡದ ಕರ್ನಾಟಕ ಕಾಲೇಜು, ಅನಂತರ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅಧ್ಯಾಪನ, ಆಮೇಲೆ ಆಕ್ಸ್‌ಫರ್ಡ್. ಅಲ್ಲಿ ಪ್ರಥಮ ಶ್ರೇಣಿಯ ಗೌರವ ಪಡೆದು 1938ರಲ್ಲಿ ಮರಳಿದರು. ಸವಣೂರಿನಿಂದ ಆಕ್ಸ್‌ಫರ್ಡಿಗೆ ದಾರಿಯಿದೆ ಎಂಬುದು ಈ ಮಣ್ಣಿಗೆ ತೊಂಬತ್ತು ವರ್ಷಗಳ ಹಿಂದೆಯೇ ಗೊತ್ತಿತ್ತು. ಆದರೆ ಅವರು ಹೋದ ಕ್ರಮವನ್ನು ಗಮನಿಸಿ. ಊರ ಶಾಲೆಯಲ್ಲಿ ಅಡಿಪಾಯ, ನಾಡಿನ ಕಾಲೇಜಿನಲ್ಲಿ ಪದವಿ, ಕೆಲವು ವರ್ಷಗಳ ದುಡಿಮೆ, ಆ ಮೇಲೆ ಕಡಲಾಚೆ. ನಮ್ಮ ತರುಣರಲ್ಲಿ ಅನೇಕರು ಇಂದು ಈ ಮೂರನೆಯ ಮೆಟ್ಟಿಲನ್ನು ಹಾರಿ ನಾಲ್ಕನೆಯದಕ್ಕೆ ಕಾಲಿಡುತ್ತಿದ್ದಾರೆ.

ಅದೇಕೆ ಮುಖ್ಯವೆಂದು ತಿಳಿಯಬೇಕಾದರೆ ಎಂಬಿಎ ಎಂದರೇನು ಎಂಬುದನ್ನು ಅರಿಯಬೇಕು. ಈ ಪದವಿ ಆರಂಭವಾದದ್ದು ಅಮೆರಿಕದ ಹಾರ್ವರ್ಡ್‌ನಲ್ಲಿ, 1908ರಲ್ಲಿ. ಅದು ಅನುಭವ ಇರುವವರಿಗೆ ಅನುಭವವನ್ನು ವಿಶ್ಲೇಷಿಸುವುದನ್ನು ಕಲಿಸುವ ವಿದ್ಯೆ. ತರಗತಿಯಲ್ಲಿ ನೈಜ ಕಂಪೆನಿಗಳ ಪ್ರಕರಣಗಳನ್ನು ಮುಂದಿಟ್ಟು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಲಾಗುತ್ತದೆ. ಹೆಸರಾಂತ ಸಂಸ್ಥೆಗಳಲ್ಲಿ ಪ್ರವೇಶ ಪಡೆಯುವವರ ಸರಾಸರಿ ಉದ್ಯೋಗಾನುಭವ ನಾಲ್ಕರಿಂದ ಆರು ವರ್ಷ. ಜಿಮ್ಯಾಟ್ ಅಥವಾ ಜಿಆರ್‌ಇ ಪರೀಕ್ಷೆಯ ಅಂಕ, ಮೇಲಧಿಕಾರಿಗಳ ಶಿಫಾರಸು ಪತ್ರ, ಸಂದರ್ಶನ - ಇವೆಲ್ಲವೂ ಬೇಕು. ಇದಾವುದೂ ಬೇಡ, ಹಣ ಕಟ್ಟಿದರೆ ಸಾಕು ಎಂದು ಒಂದು ಸಂಸ್ಥೆ ಹೇಳುತ್ತಿದ್ದರೆ, ಅದು ತನ್ನ ಪದವಿಯ ಬೆಲೆ ಎಷ್ಟೆಂಬುದನ್ನು ತಾನೇ ಹೇಳುತ್ತಿದೆ ಎಂದರ್ಥ. ಅಲ್ಲಿ ಇಪ್ಪತ್ತೊಂದರ ಹರೆಯದ, ಒಂದು ದಿನವೂ ಸಂಬಳ ಪಡೆಯದ ಹುಡುಗನಿಗೆ ಸಿಗುವ ಪ್ರವೇಶಪತ್ರವು ಪ್ರತಿಭೆಗೆ ದೊರೆತ ಮನ್ನಣೆಯೆಂದು ಭಾವಿಸಬೇಕಾಗಿಲ್ಲ.

ಇಲ್ಲಿ ಸಲಹೆಗಾರರ ಪಾತ್ರ ಬರುತ್ತದೆ. ಹುಬ್ಬಳ್ಳಿ, ದಾವಣಗೆರೆಗಳಂತಹ ನಗರಗಳಲ್ಲಿ ವಿದೇಶ ಶಿಕ್ಷಣ ಸಲಹಾ ಕೇಂದ್ರಗಳ ಫಲಕಗಳನ್ನು ನೀವು ಕಂಡಿರುತ್ತೀರಿ. "ಸಲಹೆ ಸಂಪೂರ್ಣ ಉಚಿತ" ಎಂದು ಅವುಗಳಲ್ಲಿ ಬರೆದಿರುತ್ತದೆ. ಉಚಿತ ಹೇಗಾಯಿತು? ಅನೇಕ ವಿದೇಶಿ ವಿಶ್ವವಿದ್ಯಾಲಯಗಳು ತಮಗೆ ವಿದ್ಯಾರ್ಥಿಯನ್ನು ತಂದುಕೊಟ್ಟ ಏಜೆಂಟನಿಗೆ ಶುಲ್ಕದ ಒಂದು ಪಾಲನ್ನು ಕಮಿಷನ್ ಆಗಿ ನೀಡುತ್ತವೆ. ದಲಾಲಿ ಯಾರು ಕೊಡುತ್ತಾರೋ ದಲಾಲ ಅವರ ಕಡೆ ವಾಲುತ್ತಾನೆ ಎಂಬುದನ್ನು ಬ್ಯಾಡಗಿ ಪೇಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮೆಣಸಿನಕಾಯಿಯ ಚೀಲಕ್ಕೆ ಕೈ ಹಾಕಿ, ಮುರಿದು, ಮೂಸಿ, ಬಣ್ಣ ನೋಡಿ, ತೇವ ಪರೀಕ್ಷಿಸಿ ದರ ಕಟ್ಟುವ ನಮ್ಮ ವ್ಯಾಪಾರಿಯು, ಮಗನ ವಿಶ್ವವಿದ್ಯಾಲಯವನ್ನು ಮಾತ್ರ ಬಣ್ಣದ ಕರಪತ್ರ ನೋಡಿ ಖರೀದಿಸುತ್ತಾನೆ! ಎಲ್ಲ ಸಲಹೆಗಾರರೂ ವಂಚಕರೆಂದು ನಾನು ಹೇಳುತ್ತಿಲ್ಲ. ಅವರು ಕೊಟ್ಟ ಹೆಸರನ್ನು ಅವರ ಮಾತಿನಿಂದಲೇ ಪರೀಕ್ಷಿಸಬೇಡಿ ಎನ್ನುತ್ತಿದ್ದೇನೆ.

ಹೀಗೆ ಪರೀಕ್ಷಿಸದೆ ಹೋದವರಿಗೆ ಏನಾಯಿತೆಂಬುದಕ್ಕೆ ದಾಖಲೆಗಳಿವೆ. 2011ರ ಜನವರಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ ಅಲ್ಲಿನ ಅಧಿಕಾರಿಗಳು ದಾಳಿ ಮಾಡಿದಾಗ, ಅದು ವೀಸಾ ವಂಚನೆಯ ಅಂಗಡಿಯೆಂದು ಬಯಲಾಯಿತು. ವಿದ್ಯಾರ್ಥಿಗಳಲ್ಲಿ ಬಹುತೇಕರು ಭಾರತೀಯರು, ಅದರಲ್ಲೂ ಆಂಧ್ರದವರು. ಕೆಲವರ ಕಾಲಿಗೆ ನಿಗಾ ಉಪಕರಣ ಕಟ್ಟಲಾಯಿತು. 2012ರ ಆಗಸ್ಟ್‌ನಲ್ಲಿ ಲಂಡನ್ ಮೆಟ್ರೊಪಾಲಿಟನ್ ವಿಶ್ವವಿದ್ಯಾಲಯವು ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ಪರವಾನಗಿಯನ್ನು ಕಳೆದುಕೊಂಡಿತು. ಅದು ನಕಲಿ ಸಂಸ್ಥೆಯಾಗಿರಲಿಲ್ಲ, ಪರವಾನಗಿ ಅದಕ್ಕೆ ಮರಳಿ ಸಿಕ್ಕಿತು ಕೂಡ. ಆದರೆ ಆ ನಡುವೆ ಅಲ್ಲಿ ಓದುತ್ತಿದ್ದ ಅಮಾಯಕ ವಿದ್ಯಾರ್ಥಿಗಳು ಅನುಭವಿಸಿದ ಆತಂಕಕ್ಕೆ ಯಾರು ಹೊಣೆ?

ನಿಯಮಗಳೂ ಸ್ಥಿರವಲ್ಲ. ಬ್ರಿಟನ್ ಓದು ಮುಗಿದ ಮೇಲಿನ ಉದ್ಯೋಗ ವೀಸಾವನ್ನು 2012ರಲ್ಲಿ ರದ್ದುಪಡಿಸಿತು, 2021ರಲ್ಲಿ ಎರಡು ವರ್ಷಗಳ ಅವಧಿಗೆ ಮತ್ತೆ ತಂದಿತು. ಈಗ, 2027ರ ಜನವರಿಯಿಂದ ಅರ್ಜಿ ಹಾಕುವ ಸ್ನಾತಕೋತ್ತರರಿಗೆ ಅದನ್ನು ಹದಿನೆಂಟು ತಿಂಗಳಿಗೆ ಇಳಿಸಲು ನಿರ್ಧರಿಸಿದೆ. 2024ರ ಜನವರಿಯಿಂದ ಎಂಬಿಎಯಂತಹ ಕೋರ್ಸ್‌ಗಳಿಗೆ ಸೇರುವವರು ಪತ್ನಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕೆನಡಾ 2024ರಲ್ಲಿ ವಿದ್ಯಾರ್ಥಿ ಪರವಾನಗಿಗಳಿಗೆ ಮಿತಿ ಹೇರಿತು. ಅಮೆರಿಕವು 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿತು. ಡಾಲರಿನ ದರ 2007ರಲ್ಲಿ 40 ರೂಪಾಯಿಯ ಆಸುಪಾಸಿನಲ್ಲಿತ್ತು; 2025ರ ಡಿಸೆಂಬರ್‌ನಲ್ಲಿ 90 ದಾಟಿತು. ಆಗ ಹೋಗಿ ನೆಲೆ ನಿಂತ ಬಂಧುವಿನ ಅನುಭವವನ್ನು ಇಂದು ಹೊರಟವನ ಮಾರ್ಗದರ್ಶಿಯಾಗಿ ಬಳಸುವುದು ಸರಿಯಲ್ಲ.

ದುಡಿದು ಓದುತ್ತೇನೆ ಎನ್ನುವವರಿದ್ದಾರೆ. ಬ್ರಿಟನ್ನಿನಲ್ಲಿ ಪದವಿ ವಿದ್ಯಾರ್ಥಿಗೆ ತರಗತಿಗಳ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮಾತ್ರ ದುಡಿಯಲು ಅನುಮತಿ. 2025ರ ಏಪ್ರಿಲ್‌ನಲ್ಲಿ ಅಲ್ಲಿ ನಿಗದಿಯಾದ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್. ಇಪ್ಪತ್ತು ಗಂಟೆಗೆ 244 ಪೌಂಡ್ ಆಯಿತು. ಲಂಡನ್ನಿನಲ್ಲಿ ಒಂದು ಕೋಣೆಯ ಬಾಡಿಗೆ, ಬಸ್ಸು, ಊಟ ಕಳೆದರೆ ಶುಲ್ಕ ಕಟ್ಟಲು ಏನೂ ಉಳಿಯುವುದಿಲ್ಲ. ಮನೆಮನೆಗೆ ಊಟ ಮುಟ್ಟಿಸುವ ಸ್ವಯಂ ಉದ್ಯೋಗವು ವಿದ್ಯಾರ್ಥಿ ವೀಸಾದಲ್ಲಿ ನಿಷಿದ್ಧ. ಬೇರೆಯವರ ಹೆಸರಿನ ಖಾತೆಯನ್ನು ಬಾಡಿಗೆಗೆ ಪಡೆದು ಮಾಡಿದರೆ ಅದು ಅಪರಾಧ. ಶ್ರಮದ ಕೆಲಸ ಕೀಳೆಂದು ಯಾರೂ ತಿಳಿಯಬಾರದು. ಆದರೆ ಆ ಕೆಲಸಕ್ಕಾಗಿ ಮೂವತ್ತು ಲಕ್ಷ ಖರ್ಚು ಮಾಡಬೇಕಾಗಿರಲಿಲ್ಲ.

ಇನ್ನೊಂದು ವಿಷಯವನ್ನು ಪಾಲಕರು ಕಿವಿಗೊಟ್ಟು ಕೇಳಬೇಕು. ವೀಸಾ ಅರ್ಜಿಗೆ ಶುಲ್ಕ ಮತ್ತು ಒಂಬತ್ತು ತಿಂಗಳವರೆಗಿನ ಜೀವನ ವೆಚ್ಚದ ಹಣವು ಬ್ಯಾಂಕ್ ಖಾತೆಯಲ್ಲಿ ಸತತ 28 ದಿನ ಇರಬೇಕು. ಈ 28 ದಿನಗಳಿಗೆಂದೇ ಹಣ ತೋರಿಸಿ ಹಿಂದಕ್ಕೆ ಪಡೆಯುವ, ಅದಕ್ಕೊಂದು ಮೊತ್ತ ವಸೂಲು ಮಾಡುವ ಮಂದಿ ಇದ್ದಾರೆ. ಕೆಲವರು ಸುಳ್ಳು ದಾಖಲೆಯನ್ನೇ ಸೃಷ್ಟಿಸಿಕೊಡುತ್ತಾರೆ. ಸಿಕ್ಕಿಬಿದ್ದರೆ ವಂಚನೆಯ ಕಾರಣಕ್ಕೆ ಹತ್ತು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಸಿಕ್ಕಿಬೀಳದಿದ್ದರೆ? ಆಗಲೂ ಅದು ಸುಳ್ಳೇ. ಐದು ಹೊತ್ತು ನಮಾಝ್ ಮಾಡುವ ಮನೆಯಿಂದ ಮಗನ ವಿದ್ಯಾಭ್ಯಾಸ ಸುಳ್ಳು ಸಾಕ್ಷ್ಯದೊಂದಿಗೆ ಆರಂಭವಾಗಬೇಕೇ? ಬಿಸ್ಮಿಲ್ಲಾ ಹೇಳಿ ಸಹಿ ಹಾಕಲಾಗದ ಕಾಗದಕ್ಕೆ ಸಹಿ ಹಾಕಬೇಡಿ.

ಈಗ ಬಡ್ಡಿಯ ಪ್ರಶ್ನೆಗೆ ಬರೋಣ.

ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಏಳೂವರೆ ಲಕ್ಷ ಮೀರಿದರೆ ಸಾಮಾನ್ಯವಾಗಿ ಆಸ್ತಿಯ ಭದ್ರತೆ ಬೇಕು. ಮೂವತ್ತು ಲಕ್ಷ ಸಾಲಕ್ಕೆ ಶೇ. 11ರ ದರ ಹಿಡಿದರೆ ವರ್ಷಕ್ಕೆ 3 ಲಕ್ಷ 30 ಸಾವಿರ, ಅಂದರೆ ತಿಂಗಳಿಗೆ 27,500 ರೂಪಾಯಿ ಬಡ್ಡಿಯೊಂದೇ ಆಗುತ್ತದೆ. ಅಸಲು ಇದ್ದಲ್ಲೇ ಇರುತ್ತದೆ. ಓದುವ ಅವಧಿ ಮತ್ತು ಅನಂತರದ ಕೆಲವು ತಿಂಗಳು ಕಂತು ಕಟ್ಟಬೇಕಾಗಿಲ್ಲ ಎಂಬುದನ್ನು ಅನೇಕರು ಬಡ್ಡಿಯೇ ಇಲ್ಲವೆಂದು ತಿಳಿದಿದ್ದಾರೆ. ಬಡ್ಡಿ ಮೊದಲ ದಿನದಿಂದಲೇ ಬೆಳೆಯುತ್ತದೆ.

ಪವಿತ್ರ ಕುರ್‌ಆನ್ ಬಡ್ಡಿಯ ಬಗ್ಗೆ ಎಷ್ಟು ಕಠಿಣವಾಗಿ ಎಚ್ಚರಿಸಿದೆಯೆಂಬುದನ್ನು ಅಲ್‌ಬಕರ ಅಧ್ಯಾಯದ ಕೊನೆಯ ಭಾಗವನ್ನು ಓದಿದವರೆಲ್ಲ ಬಲ್ಲರು. ತೀರಾ ಅನಿವಾರ್ಯದ ಸಂದರ್ಭದಲ್ಲಿ ವಿನಾಯಿತಿ ಇದೆಯೇ, ಇದ್ದರೆ ಎಲ್ಲಿಯವರೆಗೆ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಬ್ರಿಟನ್ನಿನ ಮುಸ್ಲಿಮ್ ವಿದ್ಯಾರ್ಥಿಗಳಿಗೂ ಇದೇ ಸಂಕಟವಿದೆ. ಬಡ್ಡಿರಹಿತ ವಿದ್ಯಾರ್ಥಿ ಸಾಲದ ಭರವಸೆಯನ್ನು ಅಲ್ಲಿನ ಪ್ರಧಾನಿ ಡೇವಿಡ್ ಕ್ಯಾಮರಾನ್ 2013ರಲ್ಲಿ ನೀಡಿದ್ದರು, 2017ರ ಕಾಯ್ದೆಯಲ್ಲಿ ಅದಕ್ಕೆ ಅವಕಾಶವೂ ಆಯಿತು, ಆದರೆ ವರ್ಷಗಳು ಉರುಳಿದರೂ ಅದು ಕಾಗದದಿಂದ ಕೆಳಗಿಳಿಯಲಿಲ್ಲ. ನನ್ನ ಅಭಿಪ್ರಾಯವನ್ನು ಕೇಳಿದರೆ, ಧಾರವಾಡದಲ್ಲಿ ಪಡೆಯಬಹುದಾದ ಪದವಿಗಾಗಿ ವಿದೇಶದ ಅಷ್ಟೇನೂ ಹೆಸರಿಲ್ಲದ ಸಂಸ್ಥೆಗೆ ಬಡ್ಡಿಯ ಸಾಲದಲ್ಲಿ ಹೋಗುವುದು ಅನಿವಾರ್ಯತೆಯ ಪಟ್ಟಿಗೆ ಬರಲಾರದು. ಈಗಾಗಲೇ ಸಾಲ ಪಡೆದವರನ್ನು ಈ ಮಾತಿನಿಂದ ಚುಚ್ಚುವುದು ನನ್ನ ಉದ್ದೇಶವಲ್ಲ. ಅವರಿಗೆ ಬೇಕಾದುದು ಬೇಗ ತೀರಿಸಲು ನೆರವು.

ಆದರೆ ನಮ್ಮಲ್ಲೊಂದು ವಿಚಿತ್ರ ಫತ್ವಾ ರೂಢಿಯಲ್ಲಿದೆ. ಬ್ಯಾಂಕಿನ ಶಿಕ್ಷಣ ಸಾಲ ಹರಾಮ್, ತಾಯಿಯ ಬಂಗಾರವನ್ನು ಅಡವಿಟ್ಟು ತಂದ ಸಾಲ ಹಲಾಲ್! ಕೈಸಾಲವೆಂಬ ಹೆಸರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಕೊಟ್ಟರೂ ಮನಸ್ಸಿಗೆ ಅಳುಕಿಲ್ಲ. ಅದು ವರ್ಷಕ್ಕೆ ಶೇ. 36 ಎಂಬ ಲೆಕ್ಕವನ್ನು, ಎಂಬಿಎಗೆ ಹೊರಟ ಮಗನೂ ಮಾಡಿ ತೋರಿಸುವುದಿಲ್ಲ.

ಇನ್ನೊಂದು ಕಡೆ, ಬಡ್ಡಿ ಬೇಡವೆಂಬ ಧಾರ್ಮಿಕ ಭಾವನೆಯನ್ನೇ ಬಂಡವಾಳ ಮಾಡಿಕೊಂಡವರು ನಮ್ಮನ್ನು ಲೂಟಿ ಮಾಡಿದ್ದಾರೆ. ಹಲಾಲ್ ಹೂಡಿಕೆಯ ಹೆಸರಿನಲ್ಲಿ ಬೆಂಗಳೂರಿನಲ್ಲಿ ಬೆಳೆದ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಕುಸಿದಾಗ, ಹೆಣ್ಣುಮಕ್ಕಳ ಮದುವೆಗೆ, ಗಂಡುಮಕ್ಕಳ ಓದಿಗೆಂದು ಕೂಡಿಟ್ಟ ಸಹಸ್ರಾರು ಕುಟುಂಬಗಳ ಹಣ ಮುಳುಗಿತು. ಯಾವ ವ್ಯಾಪಾರದಿಂದ ಇಷ್ಟು ಲಾಭ ಬರುತ್ತದೆ, ಲೆಕ್ಕಪತ್ರ ಎಲ್ಲಿದೆ ಎಂದು ಕೇಳಬಲ್ಲವರು ಸಮುದಾಯದಲ್ಲಿ ಸಾಕಷ್ಟು ಇರಲಿಲ್ಲ, ಇದ್ದವರ ಮಾತನ್ನು ಕೇಳಿದವರು ಇನ್ನೂ ಕಡಿಮೆ. ಹಣಕಾಸು ಶಾಸ್ತ್ರ ಬಲ್ಲ ಪ್ರಾಮಾಣಿಕ ತರುಣರು ನಮಗೆ ಬೇಕೇಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ. ದೇಶದಲ್ಲಿ ಬಡ್ಡಿರಹಿತ ಬ್ಯಾಂಕಿಂಗ್‌ಗೆ ಅವಕಾಶ ಕಲ್ಪಿಸಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿಯೇ ಶಿಫಾರಸು ಮಾಡಿತ್ತು. ರಿಸರ್ವ್ ಬ್ಯಾಂಕ್ 2017ರಲ್ಲಿ ಆ ಪ್ರಸ್ತಾಪವನ್ನು ಕೈಬಿಟ್ಟಿತು.

ಸರಕಾರದ ಪಾಲೇನು? 2006ರಲ್ಲಿ ಬಂದ ಸಾಚಾರ್ ಸಮಿತಿಯ ವರದಿಯು ಒಂದು ಅಂಕಿಯನ್ನು ನಮ್ಮ ಮುಖಕ್ಕೆ ಹಿಡಿದಿತ್ತು. ದೇಶದ ಎಲ್ಲ ಐಐಎಂಗಳ 4743 ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಕೇವಲ 63, ಅಂದರೆ ಶೇ. 1.3. ಆ ವರದಿಯ ನಂತರದ ವರ್ಷಗಳಲ್ಲಿ ಕೆಲವು ಯೋಜನೆಗಳು ಬಂದವು. ಅವುಗಳಲ್ಲೊಂದು, ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವ ಅಲ್ಪಸಂಖ್ಯಾತರ ಸಾಲದ ಬಡ್ಡಿಯನ್ನು ಓದಿನ ಅವಧಿಯಲ್ಲಿ ಸರಕಾರವೇ ಭರಿಸುವ 'ಪಢೋ ಪರದೇಶ್'. 2013-14ರಲ್ಲಿ ಆರಂಭವಾದ ಅದನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಮೌಲಾನಾ ಆಝಾದ್ ಫೆಲೋಶಿಪ್ ಕೂಡ ಅದೇ 2022ರ ಡಿಸೆಂಬರ್‌ನಲ್ಲಿ ಕೊನೆಗೊಂಡಿತು. ಒಂದೇ ಚಳಿಗಾಲದಲ್ಲಿ ಎರಡು ಬಾಗಿಲುಗಳು! ಇತರ ಯೋಜನೆಗಳಿವೆಯಲ್ಲ ಎಂಬುದು ಅವರ ಸಮಜಾಯಿಷಿ. ಪಢೋ ಪರದೇಶ್ ಬಡ್ಡಿಯ ವ್ಯವಸ್ಥೆಯೊಳಗಿನ ಯೋಜನೆಯಾಗಿದ್ದುದರಿಂದ ಅದನ್ನು ಬಳಸಲು ಹಿಂಜರಿದವರೂ ನಮ್ಮಲ್ಲಿದ್ದರು, ಅದು ಬೇರೆ ಮಾತು. ಆದರೆ ಬಳಸುವವರು ಕಡಿಮೆಯೆಂದು ಬಾಗಿಲು ಮುಚ್ಚುವುದು ನ್ಯಾಯವಲ್ಲ.

ರಾಜ್ಯದಲ್ಲಿ ಪರಿಸ್ಥಿತಿ ಸ್ವಲ್ಪ ಉತ್ತಮ. ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಿಂದ, ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ ಪಡೆದವರಿಗೆ ಆಸ್ತಿಯ ಅಡಮಾನದ ಮೇಲೆ 20 ಲಕ್ಷ ರೂ. ವರೆಗೆ ಬಡ್ಡಿರಹಿತ ಸಾಲದ ಯೋಜನೆಯಿದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದೇಶ ವ್ಯಾಸಂಗ ವಿದ್ಯಾರ್ಥಿವೇತನವೂ ಇದೆ. ಆದಾಯ ಮಿತಿ, ಕೊನೆಯ ದಿನಾಂಕಗಳನ್ನು ಆಯಾ ವರ್ಷದ ಅಧಿಸೂಚನೆಯಲ್ಲಿಯೇ ನೋಡಿಕೊಳ್ಳಬೇಕು. ಬ್ರಿಟನ್ ಸರಕಾರದ ಚೀವ್ನಿಂಗ್ ವಿದ್ಯಾರ್ಥಿವೇತನಕ್ಕೆ ಕನಿಷ್ಠ ಎರಡು ವರ್ಷಗಳ ಉದ್ಯೋಗಾನುಭವ ಬೇಕು, ಓದು ಮುಗಿಸಿ ಸ್ವದೇಶಕ್ಕೆ ಮರಳಬೇಕು. ಎಂಬಿಎ ಶುಲ್ಕಕ್ಕೆ ಅವರು ಕೊಡುವುದು ಹೆಚ್ಚೆಂದರೆ 22,000 ಪೌಂಡ್. 1892ರಲ್ಲಿ ಸ್ಥಾಪನೆಯಾದ ಜೆ.ಎನ್. ಟಾಟಾ ದತ್ತಿಯು ಸಾಲ ರೂಪದ ವಿದ್ಯಾರ್ಥಿವೇತನ ನೀಡುತ್ತದೆ. ಇವು ಯಾವುವೂ ಏಜೆಂಟರ ಕರಪತ್ರದಲ್ಲಿ ಕಾಣಸಿಗುವುದಿಲ್ಲ. ಏಕೆಂದರೆ ಇವುಗಳಲ್ಲಿ ಕಮಿಷನ್ ಇಲ್ಲ.

ಚಳಗೇರಿಯನ್ನು ನೆನೆಯದೆ ಈ ಸಭಾಂಗಣದಲ್ಲಿ ವಿದೇಶ ವ್ಯಾಸಂಗದ ಮಾತು ಆಡಲಾಗದು. ಇಲ್ಲಿಂದ ಕೂಗಳತೆಯ ದೂರದ ಆ ಊರಿನ ನವೀನ್ ಗ್ಯಾನಗೌಡರ, ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದಾಗ 2022ರ ಮಾರ್ಚ್ 1ರಂದು ಶೆಲ್ ದಾಳಿಗೆ ಬಲಿಯಾದರು. ಆಹಾರ ಸಾಮಗ್ರಿ ತರಲು ಸಾಲಿನಲ್ಲಿ ನಿಂತಿದ್ದ ಹುಡುಗ. ಉತ್ತಮ ಅಂಕ ಪಡೆದೂ ನಾಡಿನಲ್ಲಿ ಕೈಗೆಟಕುವ ವೈದ್ಯಕೀಯ ಸೀಟು ಸಿಗದೆ ಹೊರಗೆ ಹೋಗಬೇಕಾಯಿತೆಂದು ಅವರ ತಂದೆ ಅಂದು ಹೇಳಿದ್ದನ್ನು ಇಡೀ ದೇಶ ಕೇಳಿತು. ಮೂರು ವಾರಗಳ ಬಳಿಕ ಊರಿಗೆ ಬಂದ ಮಗನ ದೇಹವನ್ನು ಆ ಕುಟುಂಬ ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿ ನೀಡಿತು. ಯುದ್ಧವನ್ನು ಯಾರೂ ಮುಂಗಾಣಲಾರರು. ಆದರೆ ಅವರನ್ನು ಹೊರದಬ್ಬಿದ ಕಾರಣ ನಮ್ಮಲ್ಲಿಯೇ ಇತ್ತು. ವೈದ್ಯಕೀಯದಲ್ಲಿ ಹೊರಗೆ ಹೋಗುವುದಕ್ಕೆ ಅಂತಹ ಒತ್ತಡವಿದೆ. ಎಂಬಿಎಯಲ್ಲಿ ಆ ಒತ್ತಡವಿಲ್ಲ. ಪಿಜಿಸಿಇಟಿ ಬರೆದರೆ ರಾಜ್ಯದಲ್ಲಿ ಸೀಟುಗಳಿವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಿದೆ. ಕ್ಯಾಟ್ ಪರೀಕ್ಷೆಯಲ್ಲಿ ಗೆದ್ದರೆ 1973ರಿಂದ ಬೆಂಗಳೂರಿನಲ್ಲಿಯೇ ಐಐಎಂ ಇದೆ. ನಮ್ಮ ಎಷ್ಟು ಮಕ್ಕಳು ಕ್ಯಾಟ್ ಬರೆಯುತ್ತಾರೆ? ಪರೀಕ್ಷೆಗೆ ಹೆದರಿ ಕಡಲು ದಾಟುವುದನ್ನು ಸಾಹಸವೆಂದು ಕರೆಯಲಾಗದು.

ಹೆಣ್ಣುಮಕ್ಕಳ ಬಗ್ಗೆ ಎರಡು ಮಾತು. ಈ ಚರ್ಚೆಯಲ್ಲಿ ಇದುವರೆಗೆ ಮಗ, ಮಗ ಎಂದೇ ಹೇಳುತ್ತ ಬಂದೆ, ಏಕೆಂದರೆ ನಮ್ಮ ಮನೆಗಳಲ್ಲಿ ಮೂವತ್ತು ಲಕ್ಷ ಮಗನಿಗೆ ಮಾತ್ರ ಹುಟ್ಟುತ್ತದೆ. ಫಲಿತಾಂಶ ಬಂದಾಗ ಮುಂದಿರುವವಳು ಮಗಳು, ಪಾಸ್‌ಪೋರ್ಟ್ ಬರುವುದು ಮಗನಿಗೆ. ಖದೀಜಾರು(ರ) ಸಿರಿಯಾದವರೆಗೆ ವ್ಯಾಪಾರ ತಂಡಗಳನ್ನು ಕಳುಹಿಸುತ್ತಿದ್ದ ಉದ್ಯಮಿಯಾಗಿದ್ದರು. ಪ್ರವಾದಿವರ್ಯರು(ಸ) ವಿವಾಹಕ್ಕೆ ಮುನ್ನ ಅವರ ಸರಕಿನ ಹೊಣೆ ಹೊತ್ತು ಪ್ರಯಾಣಿಸಿದ್ದರು. ಮಹಿಳೆಯ ಒಂಟಿ ಪ್ರಯಾಣದ ಕುರಿತು ವಿದ್ವಾಂಸರಲ್ಲಿ ಭಿನ್ನ ನಿಲುವುಗಳಿವೆ, ಅದನ್ನು ಕುಟುಂಬ ತನ್ನ ಉಲಮಾಗಳೊಂದಿಗೆ ಚರ್ಚಿಸಿಕೊಳ್ಳಲಿ. ಆದರೆ ಧಾರವಾಡದ ಹಾಸ್ಟೆಲಿಗೂ ಕಳುಹಿಸದವರು ಧರ್ಮದ ಹೆಸರು ಹೇಳುವುದು ಬೇಡ. ಅವಳ ಮದುವೆಯ ಒಂದು ದಿನದ ಊಟಕ್ಕೆ, ವರದಕ್ಷಿಣೆಗೆ ಎತ್ತಿಟ್ಟ ಹಣದಲ್ಲಿ ಎರಡು ವರ್ಷದ ಎಂಬಿಎ ಮುಗಿಯುತ್ತದೆ.

ಇನ್ನು, ಓದಿ ಬಂದವನು ಏನು ಮಾಡಬೇಕು? ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಖಾರ ಕಡಿಮೆ, ಬಣ್ಣ ಗಾಢ. ಆ ಬಣ್ಣವನ್ನು ಓಲಿಯೋರೆಸಿನ್ ರೂಪದಲ್ಲಿ ತೆಗೆದು ಆಹಾರ ಉದ್ಯಮಕ್ಕೆ, ಸೌಂದರ್ಯ ಸಾಧನಗಳಿಗೆ ಬಳಸುತ್ತಾರೆ. 2003ರಲ್ಲಿ ಯುರೋಪಿನಲ್ಲಿ ಭಾರತದ ಮೆಣಸಿನಪುಡಿಯಲ್ಲಿ ಸುಡಾನ್ ಎಂಬ ನಿಷಿದ್ಧ ಬಣ್ಣ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ ನೂರಾರು ಆಹಾರ ಪದಾರ್ಥಗಳನ್ನು ಅಂಗಡಿಗಳಿಂದ ಹಿಂತೆಗೆಯಿತು. ಹಾಗಾದರೆ ಬಣ್ಣ ಬೆರೆಸುವ ಅಗತ್ಯವೇ ಇಲ್ಲದ ನಮ್ಮ ಡಬ್ಬಿ, ಕಡ್ಡಿ ತಳಿಗಳಿಗೆ ಅಂದು ಎಂತಹ ಅವಕಾಶವಿತ್ತು! ಪ್ರಯೋಗಾಲಯದ ಪ್ರಮಾಣಪತ್ರ, ಗುರುತು, ನೇರ ರಫ್ತು ಒಪ್ಪಂದ - ಇದನ್ನು ಮಾಡಬಲ್ಲ ಎಷ್ಟು ಜನ ಪೇಟೆಯಲ್ಲಿದ್ದರು? ಬೆಲೆ ಕುಸಿದಾಗ ಸಿಟ್ಟಿಗೆದ್ದ ರೈತರು 2024ರ ಮಾರ್ಚ್ 11ರಂದು ಬ್ಯಾಡಗಿಯ ಎಪಿಎಂಸಿ ಕಚೇರಿಗೆ ಬೆಂಕಿಯಿಟ್ಟರು. ಹಿಂಸೆ ಖಂಡನೀಯ. ಆದರೆ ದಾಸ್ತಾನು, ಶೀತಲಗೃಹ, ಹೊರ ರಾಜ್ಯದ ತಳಿಗಳ ಸ್ಪರ್ಧೆ, ಬೆಲೆಯ ಮುನ್ಸೂಚನೆ - ಇವೇ ತಾನೇ ಎಂಬಿಎ ತರಗತಿಯಲ್ಲಿ ಚರ್ಚಿಸುವ ಪ್ರಕರಣಗಳು? ಹಾವೇರಿಯ ಏಲಕ್ಕಿ ಹಾರವನ್ನೇ ನೋಡಿ. ಪಟವೇಗಾರ ಮನೆತನದ ಕೈಗಳು ಪೋಣಿಸಿದ ಆ ಹಾರ ಪ್ರಧಾನಿಗಳ ಕೊರಳನ್ನೂ ಅಲಂಕರಿಸಿದೆ. ಹಾರ ಎಲ್ಲರಿಗೂ ಗೊತ್ತು, ಅದನ್ನು ಕಟ್ಟಿದವರು ಯಾರೆಂದು ಜಿಲ್ಲೆಯ ಹೊರಗೆ ಎಷ್ಟು ಮಂದಿಗೆ ಗೊತ್ತು?

ಮೂರು ಅಥವಾ ನಾಲ್ಕು ವರ್ಷ ಇಂತಹ ಒಂದು ಮಂಡಿಯಲ್ಲಿ, ಬೀಜದ ಕಂಪೆನಿಯಲ್ಲಿ, ಬ್ಯಾಂಕಿನಲ್ಲಿ ಅಥವಾ ಬೆಂಗಳೂರಿನ ಕಚೇರಿಯಲ್ಲಿ ಕಣ್ತೆರೆದು ದುಡಿದ ತರುಣನಿಗೆ ಒಳ್ಳೆಯ ವಿದೇಶಿ ಸಂಸ್ಥೆಯ ಬಾಗಿಲು ತಟ್ಟಲು ಹೇಳಿಕೊಳ್ಳುವಂತಹ ಕಥೆಯಿರುತ್ತದೆ. ಸಂದರ್ಶನದಲ್ಲಿ ಅವರು ಕೇಳುವುದು ಅದನ್ನೇ. ಅಂತಹವನು ಹೋಗಲಿ, ನಾವೆಲ್ಲ ಸೇರಿ ಕಳುಹಿಸೋಣ.

ಕಳುಹಿಸುವುದೆಂದರೆ ದುಆ ಮಾಡಿ ಬಸ್ ನಿಲ್ದಾಣದವರೆಗೆ ಬಿಟ್ಟುಬರುವುದಲ್ಲ. ಮೂರೂ ಊರುಗಳ ಅಂಜುಮನ್‌ಗಳು, ಮಸೀದಿ ಸಮಿತಿಗಳು ಒಟ್ಟಾಗಿ ಕರ್ಝೆ ಹಸನದ ಒಂದು ಸಣ್ಣ ನಿಧಿಯನ್ನು ಆರಂಭಿಸಬಹುದು. ಅದರಿಂದ ಮೂವತ್ತು ಲಕ್ಷ ಕೊಡಲಾಗದು, ಕೊಡಲೂಬಾರದು. ಪರೀಕ್ಷಾ ಶುಲ್ಕ, ಕ್ಯಾಟ್ ಮತ್ತು ಜಿಮ್ಯಾಟ್ ತರಬೇತಿ, ನಿಗಮದ ಸಾಲ ಕೈಸೇರುವವರೆಗಿನ ಮೊದಲ ಕಂತು - ಇಷ್ಟಕ್ಕೆ ನೆರವಾದರೂ ಒಬ್ಬನನ್ನು ಬಡ್ಡಿಯಿಂದ ತಪ್ಪಿಸಿದಂತಾಗುತ್ತದೆ. ಲೆಕ್ಕಪತ್ರವನ್ನು ಪ್ರತಿ ವರ್ಷ ಮಸೀದಿಯ ಫಲಕದಲ್ಲಿ ಅಂಟಿಸಬೇಕು. ಐಎಂಎ ನಂತರ ನಂಬಿಕೆಯೊಂದನ್ನೇ ಕೇಳುವ ಹಕ್ಕು ಯಾವ ಸಂಸ್ಥೆಗೂ ಉಳಿದಿಲ್ಲ.

ಪಾಲಕರು ಮಗನ ಪ್ರವೇಶಪತ್ರವನ್ನು ತಂದರೆ, ಹಣ ಕಟ್ಟುವ ಮೊದಲು ನಾಲ್ಕು ಸಂಗತಿ ನೋಡೋಣ: ಆ ಸಂಸ್ಥೆಗೆ ಎಎಸಿಎಸ್‌ಬಿ, ಆಂಬಾ ಅಥವಾ ಇಕ್ವಿಸ್ ಮಾನ್ಯತೆ ಇದೆಯೇ, ಆ ದೇಶದ ಸರಕಾರದ ಪಟ್ಟಿಯಲ್ಲಿ ಅದು ಇದೆಯೇ, ಪ್ರವೇಶ ರದ್ದಾದರೆ ಹಣ ಮರಳುವ ಷರತ್ತೇನು, ಕಳೆದ ವರ್ಷ ಅಲ್ಲಿ ಓದಿದ ಭಾರತೀಯರು ಈಗ ಏನು ಮಾಡುತ್ತಿದ್ದಾರೆ. ಕೊನೆಯದಕ್ಕೆ ಉತ್ತರ ಏಜೆಂಟನಿಂದ ಬೇಡ, ಓದಿದವರಿಂದಲೇ ಬರಲಿ.

ಹಿಂದಿನ ಸಾಲಿನ ವಿದ್ಯಾರ್ಥಿನಿಯರು ಚೀಟಿಯಲ್ಲಿ ಬರೆದು ಕಳುಹಿಸಿದ ಪ್ರಶ್ನೆಗಳು ನನ್ನ ಕೈಯಲ್ಲಿವೆ. ಅವುಗಳನ್ನೇ ಮೊದಲು ತೆಗೆದುಕೊಳ್ಳುತ್ತೇನೆ.